ಕಾಫಿ ಪುಡಿ ದುಬಾರಿ ಎನ್ನುವ ಮುನ್ನ



2024ರಲ್ಲಿ ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು ನಮ್ಮ ಕಾಫಿ ಪುಡಿಯ ದರವೂ ಏರಿತು. ಆಗ ನಾನೊಂದು ತಪ್ಪು ಮಾಡಿದೆ, ಚಿಕೋರಿ ಹೆಚ್ಚಿಸಿದೆ. ಡಿಕಾಕ್ಷನ್ ಕಪ್ಪಗೇನೋ ಬಂತು, ಆದರೆ ಹಳೆಯ ಗಿರಾಕಿಯೊಬ್ಬರು ಅರ್ಧ ಲೋಟ ಬಿಟ್ಟು ಎದ್ದರು. ಅದು ಮನಸ್ಸಿಗೆ ಚುಚ್ಚಿತು. ಮುಂದಿನ ಸಲ ಊರಿಗೆ ಹೋದಾಗ ಚಿಕ್ಕಮಗಳೂರಿನ ತೋಟಗಳನ್ನು ನೋಡಿ ಬಂದೆ.

17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಅರೇಬಿಕಾಗೆ ಸಾಮಾನ್ಯವಾಗಿ 1,000ದಿಂದ 1,500 ಮೀಟರ್ ಎತ್ತರ ಒಗ್ಗುತ್ತದೆ. ಅಲ್ಲಿನ ತಂಪಿಗೆ ಹಣ್ಣು ನಿಧಾನ ಮಾಗುತ್ತದೆ, ಅದರಿಂದಲೇ ಪರಿಮಳ. ರೋಬಸ್ಟಾ ಅದಕ್ಕಿಂತ ಕೆಳಗೂ ಬೆಳೆಯುತ್ತದೆ, ಲೋಟಕ್ಕೆ ಗಟ್ಟಿತನ ಕೊಡುತ್ತದೆ.

ನಮ್ಮ ಕಾಫಿ ಬಯಲಲ್ಲಿ ಬೆಳೆಯುವುದಲ್ಲ. ಹಲಸು, ಅತ್ತಿ, ಹಾಲುವಾಣ, ಸಿಲ್ವರ್ ಓಕ್ ಮರಗಳ ನೆರಳಲ್ಲಿ ಬೆಳೆಯುತ್ತದೆ. ಮರಕ್ಕೆ ಮೆಣಸಿನ ಬಳ್ಳಿ, ಬುಡಕ್ಕೆ ಉದುರೆಲೆಯ ಗೊಬ್ಬರ. ನೆರಳು ತೀರಾ ಕಡಿಮೆಯಾದರೆ ಅರೇಬಿಕಾಗೆ ಕಾಂಡ ಕೊರೆಯುವ ಹುಳದ ಕಾಟ ಹೆಚ್ಚು.

ಮಾರ್ಚ್-ಏಪ್ರಿಲ್‌ನ ಹೂಮಳೆ ಬಿದ್ದರೆ ಸುಮಾರು ಹತ್ತು ದಿನಕ್ಕೆ ತೋಟವೆಲ್ಲ ಮಲ್ಲಿಗೆಯಂತೆ ಬಿಳಿ. ಹೂವಿನ ದಿನವೇ ಜೋರು ಮಳೆಯಾದರೆ ಕಾಯಿ ಕಟ್ಟುವುದು ಕಡಿಮೆ. ನವೆಂಬರ್‌ನಿಂದ ಕೊಯ್ಲು. ಕೆಂಪು ಹಣ್ಣನ್ನಷ್ಟೇ ಕೈಯಿಂದ ಆರಿಸಬೇಕು, ಹಾಗಾಗಿ ಒಂದೇ ಗಿಡಕ್ಕೆ ಮೂರ್ನಾಲ್ಕು ಸಲ ಬರಬೇಕು. ಸಿಪ್ಪೆ ಬಿಡಿಸಿ, ಲೋಳೆ ಹುದುಗಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಚೆರ್ರಿ.

ಲೆಕ್ಕ ನೋಡಿ: 5-6 ಕಿಲೋ ಹಣ್ಣಿಗೆ ಸಿಗುವುದು ಸುಮಾರು 1 ಕಿಲೋ ಬೀಜ. ಹುರಿದಾಗ ನೂರಕ್ಕೆ 15-20ರಷ್ಟು ತೂಕ ಮತ್ತೆ ಹೋಗುತ್ತದೆ.

ಚಿಕೋರಿ ಬೇಡ ಎನ್ನುವುದಿಲ್ಲ, ನಮ್ಮ ಗಿರಾಕಿಗೆ ಆ ರುಚಿಯೂ ಬೇಕು. ಆದರೆ ಮಿಶ್ರಣದಲ್ಲಿ ಕನಿಷ್ಠ ಶೇ. 51 ಕಾಫಿ ಇರಬೇಕೆಂಬುದು ಕಾನೂನು. ಪುಡಿ ಕೊಡುವವರನ್ನು ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು, ಯಾವಾಗ ಹುರಿದದ್ದು ಎಂದು ಕೇಳಿ. ನಾನು ಹಳೆಯ ಅಳತೆಗೆ ಮರಳಿ ಲೋಟಕ್ಕೆ ಎರಡು ರೂಪಾಯಿ ಏರಿಸಿದೆ. ಆ ಗಿರಾಕಿ ಈಗ ಲೋಟ ಖಾಲಿ ಮಾಡಿಯೇ ಏಳುತ್ತಾರೆ.