ಭಾರ ಎತ್ತುವ ಮುನ್ನ

ಸಂಕ್ರಾಂತಿಯ ಗಡ್ಡೆಯ ಜಾತ್ರೆಯಲ್ಲಿ ಸೊಲ್ಲಾಪುರದ ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು ಹೊರಡುವುದನ್ನು ನಾವೆಲ್ಲ ನೋಡಿದ್ದೇವೆ. ಆ ಎತ್ತರದ ಧ್ವಜವನ್ನು ಹೊರುವವನ ಸುತ್ತ ಆಸರೆಗೆಂದು ಸಂಗಡಿಗರು ನಡೆಯುತ್ತಾರೆ. ತಾಲೀಮಿನ ಸಾಧನೆಯೂ ವಸ್ತಾದರ ಕಣ್ಣೆದುರಿಗೇ ನಡೆಯುವಂಥದು. ಆದರೆ ಈಗ ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಜಿಮ್ಮುಗಳು ಬಂದಿವೆ. ಕೆಲವರು ಮನೆಯಲ್ಲಿಯೇ ಒಬ್ಬರೇ ‘ಬೆಂಚ್ ಪ್ರೆಸ್’ ಮಾಡುತ್ತಾರೆ. ಬೆಂಚಿನ ಮೇಲೆ ಅಂಗಾತ ಮಲಗಿ, ಭಾರದ ಬಾರನ್ನು ಎದೆಯವರೆಗೆ ಇಳಿಸಿ ಮತ್ತೆ ಮೇಲಕ್ಕೆ ಒತ್ತುವುದೇ ಈ ವ್ಯಾಯಾಮ. ಇದರಿಂದ ಎದೆ, ಭುಜ, ತೋಳುಗಳು ಬಲಿಯುತ್ತವೆ.

ಗುಂಡುಕಲ್ಲು ಕೈಜಾರಿದರೆ ನೆಲಕ್ಕೆ ಬೀಳುತ್ತದೆ. ಎತ್ತುವವನು ಹಿಂದೆ ಸರಿಯಬಹುದು. ಬೆಂಚಿನ ಮೇಲೆ ಮಲಗಿದವನಿಗೆ ಸರಿಯಲು ಸ್ಥಳವಿಲ್ಲ. ಬಾರ್ ಎದೆಯ ಮೇಲೆ ಕುಳಿತರೆ ಉಸಿರು ಕಟ್ಟುತ್ತದೆ. ಕೊರಳ ಮೇಲೆ ಬಿದ್ದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಭಾರ ಎತ್ತುವ ಮೊದಲೇ, ಸೋತರೆ ಇಳಿಸುವುದು ಹೇಗೆಂದು ಗೊತ್ತು ಮಾಡಿಕೊಳ್ಳಬೇಕು.

ಒಂದನೆಯದಾಗಿ, ಎರಡೂ ಬದಿಗೆ ಗಟ್ಟಿ ಸರಳುಗಳಿರುವ ಕಬ್ಬಿಣದ ಚೌಕಟ್ಟಿನೊಳಗೆ ಬೆಂಚು ಇಡಬೇಕು. ಎದೆ ಉಬ್ಬಿಸಿದಾಗ ಬಾರ್ ಎದೆಗೆ ತಾಗಬೇಕು. ಎದೆ ಇಳಿಸಿದಾಗ ಆ ಸರಳುಗಳ ಮೇಲೆ ಕೂಡಬೇಕು. ಕೊರಳು ಅವುಗಳಿಗಿಂತ ಕೆಳಗಿರಬೇಕು. ಇದನ್ನು ಖಾಲಿ ಬಾರಿನಿಂದ ಮೊದಲು ಪರೀಕ್ಷಿಸಿರಿ.

ಎರಡನೆಯದಾಗಿ, ಹೆಬ್ಬೆರಳು ಬಾರನ್ನು ಸುತ್ತಿ ಹಿಡಿದಿರಲಿ. ಹೆಬ್ಬೆರಳು ಹಿಂದಿಟ್ಟ ಹಿಡಿತದಿಂದ ಬಾರ್ ಜಾರುತ್ತದೆ.

ಮೂರನೆಯದಾಗಿ, ಚೌಕಟ್ಟಿಲ್ಲದಿದ್ದರೆ ಒಬ್ಬರೇ ಹೆಚ್ಚಿನ ಭಾರಕ್ಕೆ ಕೈಹಾಕಬಾರದು. ಎರಡು ಡಂಬೆಲ್ಲುಗಳಿಂದ ಮಾಡಿದರೆ ಸೋತಾಗ ಅವನ್ನು ಪಕ್ಕಕ್ಕೆ ಇಳಿಸಬಹುದು. ಬಾರಿನಿಂದಲೇ ಮಾಡುವುದಾದರೆ ಭಾರ ಹಗುರಿರಲಿ. ತುದಿಯ ಬಿಗಿಕೆಗಳನ್ನು ಹಾಕಬೇಡಿರಿ. ಸಿಕ್ಕಿಕೊಂಡಾಗ ಬಾರನ್ನು ಓರೆ ಮಾಡಿದರೆ ಬಿಲ್ಲೆಗಳು ಜಾರಿ ಬೀಳುತ್ತವೆ. ಒಂದು ಬದಿ ಖಾಲಿಯಾದೊಡನೆ ಇನ್ನೊಂದು ಬದಿ ರಭಸದಿಂದ ವಾಲುತ್ತದೆ; ತಮ್ಮ ತಂಗಿಯರು ಹತ್ತಿರ ಸುಳಿಯಬಾರದು.

ನಾಲ್ಕನೆಯದಾಗಿ, ಲೆಕ್ಕ ತಪ್ಪಬಾರದು. ಜಿಮ್ಮಿನ ದೊಡ್ಡ ಬಾರೇ ಸಾಮಾನ್ಯವಾಗಿ 20 ಕಿಲೋ ತೂಗುತ್ತದೆ. ಅದರ ಎರಡೂ ಬದಿಗೆ 10 ಕಿಲೋ ಬಿಲ್ಲೆ ಹಾಕಿದರೆ ಒಟ್ಟು 40 ಕಿಲೋ ಆಯಿತು. ಇನ್ನೂ ಎರಡು ಸಲ ಎತ್ತಬಲ್ಲೆನೆಂಬಾಗಲೇ ನಿಲ್ಲಿಸಿರಿ. ‘ಇನ್ನೊಂದೇ ಸಲ’ ಎಂಬ ಹಟವೇ ಅಪಾಯದ ಮೂಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬೆಂಚಿಗೂ ಸಲ್ಲುತ್ತದೆ.

ಪಾಲಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳ ವ್ಯಾಯಾಮಕ್ಕೆ ಅಡ್ಡಿಪಡಿಸಬೇಡಿರಿ. ಆದರೆ ಬಲ್ಲವರಿಂದ ಕಲಿಯದೆ ಭಾರ ಎತ್ತಗೊಡಬೇಡಿರಿ. ಸಾಧನೆಯ ಕೋಣೆಗೆ ಒಳಗಿನಿಂದ ಅಗಳಿ ಹಾಕದಂತೆ ನೋಡಿಕೊಳ್ಳಿರಿ. ಕೂಗಿದರೆ ಓಡಿಬರುವವರು ಮನೆಯಲ್ಲಿರಲಿ. ಎತ್ತಿದ ಭಾರವನ್ನು ಸುರಕ್ಷಿತವಾಗಿ ಇಳಿಸಿದಾಗಲೇ ಸಾಧನೆ ಪೂರ್ಣವಾಗುತ್ತದೆ.