ಮೊದಲ ಹದಿನಾಲ್ಕು ವಾರ

ನೆಂಟರು ಬಂದರೆ ಮಂಚದಡಿ ಸೇರಿ ಗುರ್ ಎನ್ನುತ್ತದೆ. ಬೆಲ್ಟ್ ಕಟ್ಟಲು ಹೋದರೆ ಸಾಕಿದವರ ಕೈಗೇ ಬಾಯಿ ಹಾಕುತ್ತದೆ. ಇಂಥ ನಾಯಿ ಇರುವ ಮನೆಗೆ ಸುತ್ತಮುತ್ತಲಿನವರು ಕೊಡುವ ಸಲಹೆ ಒಂದೇ: ಮುದ್ದು ಜಾಸ್ತಿಯಾಗಿದೆ, ನಾಲ್ಕು ಬಿಡಿ. ನಾಯಿಗಳ ನಡವಳಿಕೆ ಬಲ್ಲವರು ಮಾತ್ರ ಬೇರೆಯದನ್ನೇ ಕೇಳುತ್ತಾರೆ. ಮರಿ ಹುಟ್ಟಿದ್ದೆಲ್ಲಿ? ಎಷ್ಟನೇ ವಾರಕ್ಕೆ ತಾಯಿಯನ್ನು ಬಿಟ್ಟಿತು? ಅಲ್ಲಿಯವರೆಗೆ ಎಷ್ಟು ಜನರನ್ನು ಕಂಡಿತ್ತು?

ಈ ಪ್ರಶ್ನೆಗಳ ಬೇರು ಅಮೆರಿಕದ ಮೇಯ್ನ್ ರಾಜ್ಯದ ಜಾಕ್ಸನ್ ಪ್ರಯೋಗಾಲಯದಲ್ಲಿದೆ. ಅಲ್ಲಿ ಡೇನಿಯಲ್ ಫ್ರೀಡ್‌ಮನ್ ಮತ್ತು ಸಂಗಡಿಗರು ಬೇಲಿ ಹಾಕಿದ ಬಯಲಿನಲ್ಲಿ, ಮನುಷ್ಯರ ಒಡನಾಟವಿಲ್ಲದೆ, ತಾಯಿಯ ಜೊತೆ ಮರಿಗಳನ್ನು ಬೆಳೆಸಿದರು. ಬೇರೆ ಬೇರೆ ವಯಸ್ಸಿನಲ್ಲಿ ಕೆಲವನ್ನು ಒಂದೊಂದು ವಾರ ಹೊರತಂದು ಆಡಿಸಿ ಮರಳಿ ಬಿಟ್ಟರು. ಹದಿನಾಲ್ಕು ವಾರ ತುಂಬುವವರೆಗೂ ಜನರ ಬಳಿ ಬಾರದ ಮರಿಗಳು ಕಾಡುಪ್ರಾಣಿಗಳಂತೆ ಬೆದರಿದವು. 1961ರಲ್ಲಿ ಪ್ರಕಟವಾದ ಈ ಫಲಿತಾಂಶ ಇಂದಿಗೂ ಮರಿ ಸಾಕಣೆಯ ಮೂಲಪಾಠ.

ಸುಮಾರು ಮೂರನೇ ವಾರದಿಂದ ಹನ್ನೆರಡು-ಹದಿನಾಲ್ಕನೇ ವಾರದವರೆಗೆ ಮರಿಯ ಮಿದುಳು ಯಾವುದಕ್ಕೆ ಹೆದರಬೇಕಿಲ್ಲ ಎಂಬುದನ್ನು ಗುರುತಿಟ್ಟುಕೊಳ್ಳುತ್ತದೆ. ಮಕ್ಕಳ ಗಲಾಟೆ, ಮಿಕ್ಸಿಯ ಸದ್ದು, ಹೆಲ್ಮೆಟ್ ಹಾಕಿದವರು, ಕೋಲೂರಿ ನಡೆಯುವ ಅಜ್ಜ, ಎಲ್ಲವೂ ಆಗಲೇ ಪರಿಚಯವಾಗಬೇಕು. ಶೆಡ್ಡಿನ ಪಂಜರದಲ್ಲಿ ಹುಟ್ಟಿ ನಾಲ್ಕೈದು ವಾರಕ್ಕೇ ಬಿಕರಿಯಾದ ಮರಿ ಇದ್ಯಾವುದನ್ನೂ ಕಂಡಿರುವುದಿಲ್ಲ. ಒಡಹುಟ್ಟಿದ ಮರಿಗಳ ಜೊತೆ ಕಚ್ಚಾಡುತ್ತ, ಎಷ್ಟು ಗಟ್ಟಿ ಕಚ್ಚಿದರೆ ಆಟ ನಿಂತುಹೋಗುತ್ತದೆ ಎಂದು ಕಲಿಯುವುದೂ ತಪ್ಪುತ್ತದೆ. ಅಂಜುವ ಸ್ವಭಾವ ರಕ್ತದಲ್ಲೂ ಇಳಿದುಬರುತ್ತದೆ. ಆದರೆ ಬಣ್ಣ ಮತ್ತು ಗಾತ್ರಕ್ಕಷ್ಟೇ ಬೆಲೆ ಕಟ್ಟುವ ಬ್ರೀಡರ್ ಪುಕ್ಕಲು ತಾಯಿಯಿಂದಲೂ ಸೂಲಿನ ಮೇಲೆ ಸೂಲು ತೆಗೆಯುತ್ತಾನೆ.

ಹೊರಗೆ ಸಿಟ್ಟಿನಂತೆ ಕಾಣುವುದು ಎಷ್ಟೋ ಸಲ ಹೆದರಿಕೆ. 9,000ಕ್ಕೂ ಹೆಚ್ಚು ನಾಯಿಗಳನ್ನು ಕುರಿತು 2021ರಲ್ಲಿ ಪ್ರಕಟವಾದ ಫಿನ್ಲೆಂಡಿನ ಅಧ್ಯಯನದಲ್ಲೂ ಅಂಜುಬುರುಕ ನಾಯಿಗಳೇ ಮನುಷ್ಯರ ಮೇಲೆ ಹೆಚ್ಚಾಗಿ ಎಗರುತ್ತಿದ್ದವು. ಹೆದರಿದ ಪ್ರಾಣಿಗೆ ಏಟು ಬಿದ್ದರೆ ಏನಾಗುತ್ತದೆ? 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ನಡೆಸಿದ ಸಮೀಕ್ಷೆಯಲ್ಲಿ, ಹೊಡೆದು ಒದ್ದು ತಿದ್ದಲು ಹೋದವರ ಪೈಕಿ ನೂರಕ್ಕೆ 43 ಮಂದಿಯ ಮೇಲೆ ನಾಯಿ ತಿರುಗಿ ಬಿದ್ದಿತ್ತು. ಗುರುಗುಟ್ಟಿದ್ದಕ್ಕೆ ಗದರುವುದೂ ಅಪಾಯವೇ. ಮುನ್ಸೂಚನೆ ನಿಲ್ಲಿಸಿದ ನಾಯಿ ನೇರವಾಗಿ ಕಚ್ಚಲು ಕಲಿಯುತ್ತದೆ.

ಹಾಗಾದರೆ ಇಂಥ ನಾಯಿಯೊಂದಿಗೆ ಬಾಳುವುದು ಹೇಗೆ? ಮೊದಲ ಭೇಟಿ ಪಶುವೈದ್ಯರಿಗೆ. ಕೀಲುನೋವು, ಹಲ್ಲುನೋವು, ಕಿವಿಯ ಸೋಂಕು ಇದ್ದರೂ ನಾಯಿ ಕಚ್ಚಲು ಬರುತ್ತದೆ. ಆಮೇಲಿನದು ದಿನನಿತ್ಯದ ಎಚ್ಚರ: ರೇಬೀಸ್ ಲಸಿಕೆ ತಪ್ಪಿಸಬಾರದು, ಮಕ್ಕಳ ಜೊತೆ ಒಂಟಿಯಾಗಿ ಬಿಡಬಾರದು, ನೆಂಟರು ಬಂದಾಗ ಅದಕ್ಕೆ ಬೇರೆ ಕೋಣೆ, ಬೀದಿಗಿಳಿದಾಗ ಬುಟ್ಟಿಯಂಥ ಬಾಯಿಕುಕ್ಕೆ. ತಿನಿಸು ಕೊಟ್ಟು ಮೊದಲೇ ರೂಢಿ ಮಾಡಿಸಿದರೆ ಬಾಯಿಕುಕ್ಕೆಗೆ ನಾಯಿ ಒಗ್ಗಿಕೊಳ್ಳುತ್ತದೆ. ಹೆದರಿಸುವ ವಸ್ತುವನ್ನು ನಾಯಿ ತಳಮಳಗೊಳ್ಳದಷ್ಟು ದೂರದಲ್ಲಿಟ್ಟು, ಕಂಡಾಗಲೆಲ್ಲ ಇಷ್ಟದ ತಿನಿಸು ಹಾಕುತ್ತ, ಅಂತರವನ್ನು ನಿಧಾನವಾಗಿ ಇಳಿಸಬೇಕು. ಇದು ತಿಂಗಳುಗಟ್ಟಲೆಯ ಕೆಲಸ. ನಾಯಿ ಪೂರ್ತಿ ಬದಲಾಗುತ್ತದೆಂಬ ಭರವಸೆಯೂ ಇಲ್ಲ.

ಕಾಯಿದೆಯ ಕಣ್ಣು ಆಗಾಗ ತಳಿಯ ಮೇಲೆ ಬೀಳುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಅಮೆರಿಕದ 18,000ಕ್ಕೂ ಹೆಚ್ಚು ನಾಯಿಗಳ ಸಮೀಕ್ಷೆಯನ್ನು ಆಧರಿಸಿ 2022ರಲ್ಲಿ ಬಂದ ಅಧ್ಯಯನದ ಪ್ರಕಾರ, ನಾಯಿಯಿಂದ ನಾಯಿಗೆ ಕಾಣುವ ಸ್ವಭಾವದ ವ್ಯತ್ಯಾಸದಲ್ಲಿ ತಳಿಯ ಪಾಲು ನೂರಕ್ಕೆ ಸುಮಾರು 9 ಮಾತ್ರ.

ಬ್ರೀಡರ್‌ಗಳನ್ನು ಹಿಡಿದು ಕೇಳುವ ನಿಯಮಗಳು 2017ರಿಂದಲೇ ದೇಶದಲ್ಲಿವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯ. ತಾಯಿನಾಯಿಗೆ ವರ್ಷಕ್ಕೊಂದೇ ಸೂಲು, ಜೀವಮಾನಕ್ಕೆ ಐದೇ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಕೊಳ್ಳಲು ಹೋದವರು ನೋಂದಣಿ ಪತ್ರ ಕೇಳಬಹುದು, ತಾಯಿಯನ್ನು ತೋರಿಸಿ ಎನ್ನಬಹುದು. ತೋರಿಸಲು ಹಿಂದೇಟು ಹಾಕಿದರೆ ಮುಂಗಡ ಕೊಡದೆ ಹೊರಟುಬರುವ ದಾರಿ ಇದ್ದೇ ಇದೆ.