ಸುಗಂಧದ ಎಣ್ಣೆಯೂ ಆಂಟಿಬಯೋಟಿಕ್ ಮಾತ್ರೆಯೂ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಕಡೆಯ ಮನೆಗಳಲ್ಲಿ ಹಲ್ಲುನೋವಿಗೆ ಲವಂಗದೆಣ್ಣೆ, ಶೀತಕ್ಕೆ ತುಳಸಿಯ ಕಷಾಯ, ಹೊಟ್ಟೆಯುಬ್ಬರಕ್ಕೆ ಓಮ, ಕೆಮ್ಮಿಗೆ ಸಾಂಬಾರಬಳ್ಳಿಯ ಎಲೆ ಬಳಕೆಯಾಗುವುದು ಎಲ್ಲರಿಗೂ ತಿಳಿದ ಸಂಗತಿ. ಇಂತಹ ಗಿಡಗಳ ಸುವಾಸನೆಗೆ ಕಾರಣವಾದ ಎಣ್ಣೆಗಳು ಆಂಟಿಬಯೋಟಿಕ್ ಔಷಧದ ಬಲವನ್ನು ಹೆಚ್ಚಿಸುತ್ತವೆಂಬ ಮಾತು ಈಗ ಕೇಳಿಬರುತ್ತಿದೆ. ಮಾತಿನಲ್ಲಿ ನಿಜವಿದೆ. ಆದರೆ ಆ ನಿಜವು ಎಲ್ಲಿಯವರೆಗಿನದೆಂದು ಅರಿಯದೆ ಎಣ್ಣೆಯ ಶೀಸೆಗೆ ಕೈಹಾಕುವುದು, ಅದರಲ್ಲಿಯೂ ಗರ್ಭಿಣಿ ಮತ್ತು ಹಸುಗೂಸು ಇರುವ ಮನೆಯಲ್ಲಿ, ಅಪಾಯಕರ.

ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು, 1945ರಲ್ಲಿ ನೊಬೆಲ್ ಬಹುಮಾನ ಸ್ವೀಕರಿಸಿದಾಗಲೇ, ಕಡಮೆ ಪ್ರಮಾಣದಲ್ಲಿ ಸೇವಿಸಿದರೆ ರೋಗಾಣುಗಳು ಔಷಧಕ್ಕೆ ಪಳಗಿಬಿಡುತ್ತವೆಂದು ಎಚ್ಚರಿಸಿದ್ದರು. ಅಂತೆಯೇ ಆಯಿತು. ವೈರಸ್ಸಿನಿಂದ ಬರುವ ಶೀತಕ್ಕೆ ಆಂಟಿಬಯೋಟಿಕ್ ಏನನ್ನೂ ಮಾಡಲಾರದು. ಆದರೂ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುವ ರೂಢಿ ಬಿಟ್ಟಿಲ್ಲ. ದನ, ಕೋಳಿಗಳಿಗೂ ಇದೇ ಔಷಧಗಳ ಅತಿಬಳಕೆಯಿದೆ. ಹೀಗೆ ಉಳಿದುಕೊಂಡ ಗಟ್ಟಿ ರೋಗಾಣುಗಳಲ್ಲಿ ಕೆಲವು ಔಷಧವನ್ನು ಕತ್ತರಿಸಿ ಹಾಕುತ್ತವೆ. ಕೆಲವು ತಮ್ಮ ಹೊರಪೊರೆಯಿಂದ ಅದನ್ನು ತಡೆಯುತ್ತವೆ. ಇನ್ನು ಕೆಲವು, ನೇತ್ರಾವತಿಯ ದೋಣಿಯವನು ಒಳಸೇರಿದ ನೀರನ್ನು ಎತ್ತಿ ಚೆಲ್ಲುವಂತೆ, ಒಳಹೊಕ್ಕ ಔಷಧವನ್ನು ಹೊರಕ್ಕೆ ಚೆಲ್ಲುತ್ತವೆ.

ಸುಗಂಧದ ಎಣ್ಣೆಯ ಉಪಯೋಗ ಕಂಡುಬಂದಿರುವುದು ಇಲ್ಲಿಯೇ. ಲವಂಗದಲ್ಲಿರುವ ಯೂಜಿನಾಲ್, ಓಮದಲ್ಲಿರುವ ಥೈಮಾಲ್ ಮೊದಲಾದವು ರೋಗಾಣುವಿನ ಪೊರೆಯನ್ನು ಸಡಿಲಗೊಳಿಸುತ್ತವೆ. ಆ ಸಂದಿನಿಂದ ಔಷಧ ಒಳಸೇರುತ್ತದೆ. 2009ರಲ್ಲಿ ಮದ್ರಾಸಿನ ಐ.ಐ.ಟಿ.ಯ ಸಂಶೋಧಕರು ಯೂಜಿನಾಲ್ ಬೆರೆಸಿದಾಗ ಹಲವು ರೋಗಾಣುಗಳನ್ನು ತಡೆಯಲು ಆಂಟಿಬಯೋಟಿಕ್ ಮೊದಲಿಗಿಂತ ಬಹಳ ಕಡಮೆ ಸಾಕಾಯಿತೆಂದು ವರದಿ ಮಾಡಿದರು. ಎರಡನ್ನು ಕೂಡಿಸಿ ರೋಗಾಣುವನ್ನು ಗೆಲ್ಲುವ ಉಪಾಯ ವೈದ್ಯಶಾಸ್ತ್ರಕ್ಕೆ ಹೊಸದೇನಲ್ಲ. ಅಮಾಕ್ಸಿಸಿಲಿನ್ ಜೊತೆಗೆ ಕ್ಲಾವುಲಾನಿಕ್ ಆಮ್ಲವನ್ನು ಸೇರಿಸಿದ ಮಾತ್ರೆ ಬಹುಕಾಲದಿಂದ ಬಳಕೆಯಲ್ಲಿದೆ.

ಆದರೆ ಮದ್ರಾಸಿನ ಪ್ರಯೋಗ ನಡೆದದ್ದು ಪ್ರಯೋಗಶಾಲೆಯಲ್ಲಿ, ರೋಗಿಯ ಶರೀರದಲ್ಲಲ್ಲ. ನುಂಗಿದ ಎಣ್ಣೆಯನ್ನು ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ಸೋಂಕಿರುವ ಮೂತ್ರಕೋಶಕ್ಕೋ ಶ್ವಾಸಕೋಶಕ್ಕೋ ಬೇಕಾದಷ್ಟು ತಲುಪುವಂತೆ ಕುಡಿದರೆ ಶರೀರವೇ ಕೆಡುತ್ತದೆ. 5ರಿಂದ 10 ಮಿಲಿಲೀಟರ್ ಲವಂಗದೆಣ್ಣೆ ಕುಡಿದ ಎಳೆಯ ಮಕ್ಕಳ ಯಕೃತ್ತಿಗೆ ತೀವ್ರ ಹಾನಿಯಾದ, ಪ್ರಜ್ಞೆ ತಪ್ಪಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನೀಲಗಿರಿ ಎಣ್ಣೆ, ಕರ್ಪೂರಗಳು ಹೊಟ್ಟೆಗೆ ಹೋದರೆ ಮಕ್ಕಳಿಗೆ ಸೆಳವು ಬರುತ್ತದೆ. ದೊಡ್ಡವರು ಅಡುಗೆಯಲ್ಲಿ ಲವಂಗ ಹಾಕುವುದಕ್ಕೆ, ತುಳಸಿಯ ಕಷಾಯ ಕುಡಿಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಎಲೆಯೇ ಬೇರೆ, ಭಟ್ಟಿಯಿಳಿಸಿದ ಎಣ್ಣೆಯೇ ಬೇರೆ.

ಗರ್ಭಿಣಿಗೆ ಉರಿಮೂತ್ರವಾದಾಗ ನಾಚಿಕೆಯಿಂದ ಸುಮ್ಮನಿರಬಾರದು. ಅದು ಮೂತ್ರಪಿಂಡಕ್ಕೆ ಏರಿದರೆ ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವವಿದೆ. ಪತಿಯು ಅಂಗಡಿಯಲ್ಲಿ ಹೇಳಿ ತಂದ ಮಾತ್ರೆಯೂ ಸಲ್ಲದು. ಟೆಟ್ರಾಸೈಕ್ಲಿನ್ ಗರ್ಭದಲ್ಲಿರುವ ಮಗುವಿನ ಹಲ್ಲುಗಳ ಬಣ್ಣವನ್ನು ಶಾಶ್ವತವಾಗಿ ಕೆಡಿಸುತ್ತದೆ. ಮೂತ್ರವನ್ನು ಪರೀಕ್ಷೆಗೆ ಕೊಟ್ಟರೆ ಯಾವ ರೋಗಾಣು, ಯಾವ ಔಷಧಕ್ಕೆ ಅದು ಮಣಿಯುತ್ತದೆಂಬುದು ಗೊತ್ತಾಗುತ್ತದೆ. ಕೊಟ್ಟ ಔಷಧವನ್ನು ವೈದ್ಯರು ಹೇಳಿದಷ್ಟು ದಿನ ಸೇವಿಸಿರಿ. ಪಟ್ಟಿಯ ಮೇಲೆ ಕೆಂಪು ಗೆರೆಯಿರುವ ಮಾತ್ರೆಗಳನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿರಿ.

ಇದೇ ಸಂದರ್ಭದಲ್ಲಿ ಇನ್ನೊಂದು ಮಾತು. ಔಷಧಗಳು ಒಂದರ ಬಲವನ್ನೊಂದು ತಗ್ಗಿಸುವುದೂ ಉಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮಾಲಾ-ಎನ್ ಮಾತ್ರೆಯ ಗರ್ಭನಿರೋಧಕ ಬಲವನ್ನು ಕುಂದಿಸುತ್ತದೆ. ಅಂತಹ ದಂಪತಿಗಳು ಕಾಪರ್-ಟಿ ಮುಂತಾದ ಬೇರೆ ವಿಧಾನವನ್ನು ವೈದ್ಯರಲ್ಲಿ ಕೇಳಿ ಆರಿಸಿಕೊಳ್ಳಬೇಕು.

ಹಸುಗೂಸಿನ ಹೊಕ್ಕುಳಿಗೆ ಯಾವ ಎಣ್ಣೆಯನ್ನೂ ಹಚ್ಚದೆ ಒಣಗಿದಂತೆ ಇಡಿರಿ. ಮಗು ಮೊಲೆಯುಣ್ಣದಿದ್ದರೆ, ಮೈ ಕಾದರೆ ಅಥವಾ ತಣ್ಣಗಾದರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡಿದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ತನ್ನಿರಿ. ದಾರಿಯುದ್ದಕ್ಕೂ ಮಗುವನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗಿಡಿರಿ.